ಮೋಡದಲ್ಲಿ ಕಂಡ ಅರುಂಧತಿ

ಕಾಣದ್ದನ್ನು ಕಂಡೆ ಎನ್ನುವವರ ನಡುವೆಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ಕಣ್ಣು ತಪಾಸಣೆ ಮಾಡುವುದು ನನ್ನ ಕೆಲಸ. ಗೋಡೆಯ ಚಾರ್ಟಿನ ಕೊನೆಯ ಸಾಲು ಓದಿ ಅಂದರೆ ಎಷ್ಟೋ ಜನ ಓದುವುದಿಲ್ಲ, ಊಹಿಸುತ್ತಾರೆ. ಡ್ರೈವಿಂಗ್ ಲೈಸೆನ್ಸಿನ ಸಲುವಾಗಿ ಬಂದವರಂತೂ ಹೊರಗಿನ ಬೆಂಚಿನ ಮೇಲೆ ಕೂತು, ಒಳಗಿನವರು ಓದುವುದನ್ನು ಕೇಳಿಯೇ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಅವರನ್ನು ಹಿಡಿಯುವುದು ಕಷ್ಟವಲ್ಲ. ಸುಳ್ಳು ಹೇಳುವವರು ತಟ್ಟನೆ ಹೇಳುತ್ತಾರೆ, ಹೇಳಿದ್ದನ್ನು ಬದಲಿಸುವುದಿಲ್ಲ. ನಿಜವಾಗಿ ಕಾಣುವವರು ತಡವರಿಸುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ, "ರ ಅಲ್ರಿ, ತಡೀರಿ, ನಡುವ ಚುಕ್ಕಿ ಐತಿ, ಠ ಅದು" ಎಂದು ತಿದ್ದಿಕೊಳ್ಳುತ್ತಾರೆ.

ಇಂಥ ಕೆಲಸ ಮಾಡುವವಳಿಗೆ ಶಕುನ, ಗ್ರಹಗತಿ, ಮೈಮೇಲೆ ಬರುವ ದೇವರು ಎಂದರೆ ತಲೆ ಕೆಡುತ್ತದೆ. ನಾನು ಅದನ್ನೆಲ್ಲ ನಂಬಿದವಳಲ್ಲ, ನಂಬುವವರನ್ನು ಗೇಲಿ ಮಾಡುವುದರಲ್ಲಿಯೂ ಹಿಂದೆ ಬಿದ್ದವಳಲ್ಲ. ಈಗ ಬರೆಯುತ್ತಿರುವ ಸಂಗತಿಯನ್ನು ಬೇರೆ ಯಾರಾದರೂ ನನ್ನ ಮುಂದೆ ಕೂತು ಹೇಳಿದ್ದರೆ, "ಆತು ಬಿಡ್ರಿ" ಎಂದು ಮುಂದಿನವರನ್ನು ಕರೆಯುತ್ತಿದ್ದೆ. ನೀವೂ ಹಾಗೆಯೇ ಅಂದರೆ ನನಗೇನೂ ಸಿಟ್ಟಿಲ್ಲ.

ಇಳಕಲ್ಲಿನಲ್ಲಿ ನನ್ನ ಚಿಗವ್ವ ಇದ್ದಾಳೆ, ನಮ್ಮವ್ವನ ತಂಗಿ. ಆಕೆಯ ಗಂಡ, ನನ್ನ ಕಾಕಾ, ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಅವರಿಗೆ ಮಕ್ಕಳಿಲ್ಲ. ಚಿಗವ್ವನ ಕೈಯಲ್ಲಿ ಒಂದು ದೊಡ್ಡ ವಿದ್ಯೆ ಇತ್ತು. ಇಳಕಲ್ ಸೀರೆಯ ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಆ ಕೆಲಸವನ್ನು ಆಕೆ ಮನೆಯಲ್ಲೇ ಕೂತು ವರ್ಷಾನುಗಟ್ಟಲೆ ಮಾಡಿದಳು. ಬೇಸಿಗೆ ರಜೆಯಲ್ಲಿ ನಾವೆಲ್ಲ ಅವರ ಮನೆಗೆ ಹೋದರೆ ರಾತ್ರಿ ಮಾಳಿಗೆಯ ಮೇಲೆಯೇ ಹಾಸಿಗೆ. ಆಕಾಶದಲ್ಲಿ ನನಗೆ ಗೊತ್ತಿರುವುದೆಲ್ಲ ಆ ಮಾಳಿಗೆಯ ಮೇಲೆ ಮಲಗಿ ಕಲಿತದ್ದು.

ಶಾಲೆಯ ಪುಸ್ತಕದ ಸಪ್ತರ್ಷಿ ಮಂಡಲ ಚಿಗವ್ವನಿಗೆ ಮುದುಕಿಯ ಹೊರಸು, ಅಂದರೆ ಮಂಚ. ನಾಲ್ಕು ಚುಕ್ಕಿ ಹಗ್ಗದ ಹೊರಸಿನ ನಾಲ್ಕು ಕಾಲು, ಬಾಲದ ಮೂರು ಚುಕ್ಕಿ ಅದನ್ನು ಎಳೆದೊಯ್ಯಲು ಬಂದ ಮೂವರು ಕಳ್ಳರು. ಮುದುಕಿಗೆ ನಿದ್ದೆ ಹತ್ತುವುದಿಲ್ಲ, ಕಳ್ಳರಿಗೆ ಹೊರಸು ಸಿಗುವುದಿಲ್ಲ. ಅದೇ ಚಿಗವ್ವ ಲಗ್ನದ ಮನೆಯಲ್ಲಿ ನಡುವಿನ ಕಳ್ಳನನ್ನು ವಸಿಷ್ಠ ಎನ್ನುತ್ತಿದ್ದಳು, ಅವನಿಗೆ ಆತುಕೊಂಡ ಸಣ್ಣ ಚುಕ್ಕಿಯನ್ನು ಅರುಂಧತಿ ಎನ್ನುತ್ತಿದ್ದಳು. ಕಳ್ಳ ಹೇಗೆ ಋಷಿಯಾದ ಎಂದು ನಾನು ಕೆಣಕಿದರೆ, "ಎರಡೂ ಖರೇನ. ಅವರವರ ಕಣ್ಣಿಗೆ ಹೆಂಗ ಕಾಣತಾರೋ ಹಂಗ" ಎನ್ನುತ್ತಿದ್ದಳು. ಚಳಿಗಾಲದಲ್ಲಿ ಹೋದರೆ ಕೃತ್ತಿಕೆಯ ಗುಂಪು ತೋರಿಸಿ, ತಾವು ಹಡೆಯದ ಷಣ್ಮುಖನಿಗೆ ಹಾಲು ಕೊಟ್ಟ ಆರು ತಾಯಂದಿರ ಕತೆ ಹೇಳುತ್ತಿದ್ದಳು. ಆ ಕತೆ ಹೇಳುವಾಗ ಮಾತ್ರ ಆಕೆಯ ದನಿ ಸಣ್ಣದಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ಗುಡೂರಿನಲ್ಲಿ ನಮ್ಮ ಬಳಗದ ಒಂದು ಲಗ್ನವಾಯಿತು. ನಮ್ಮಲ್ಲಿ ಲಗ್ನ ಮಟಮಟ ಮಧ್ಯಾಹ್ನ. ಲಗ್ನ ಮಾಡಿಸುವ ಅಯ್ಯನವರು ಮದುಮಕ್ಕಳನ್ನು ಹಂದರದ ಹೊರಗೆ ಕರೆದುಕೊಂಡು ಹೋಗಿ, ಕಣ್ಣು ಬಿಡಲಾಗದ ಬಿಸಿಲಿನಲ್ಲಿ ಬಡಗಣಕ್ಕೆ ಬೆರಳು ತೋರಿಸಿ, ಅರುಂಧತಿ ಕಂಡಳೇನು ಎಂದು ಕೇಳುತ್ತಾರೆ. ಮದುಮಗಳು "ಕಂಡ್ಳರಿ" ಎನ್ನುತ್ತಾಳೆ. ಸುತ್ತ ನಿಂತವರು ನಗುತ್ತಾರೆ, ಊಟಕ್ಕೆ ಹೋಗುತ್ತಾರೆ. ಆದರೆ ಚಿಗವ್ವನ ತವರಿನ ಹಿರಿಯರು ಇದಕ್ಕೆ ಇನ್ನೊಂದು ಪದ್ಧತಿ ಸೇರಿಸಿದ್ದರು. ಮದುಮಗಳ ಪಕ್ಕ ನಿಂತ ಮುತ್ತೈದೆ ಅವತ್ತೇ ಕತ್ತಲಾದ ಮೇಲೆ ನಿಜವಾದ ಅರುಂಧತಿಯನ್ನು ನೋಡಬೇಕು. ಹಗಲು ಹೇಳಿದ ಸುಳ್ಳನ್ನು ರಾತ್ರಿ ಯಾರಾದರೂ ಖರೆ ಮಾಡಬೇಕಲ್ಲ, ಅದಕ್ಕೆ. ಬಳಗದ ಎಲ್ಲ ಲಗ್ನಗಳಲ್ಲಿ ಆ ಮುತ್ತೈದೆ ಚಿಗವ್ವನೇ. ಗುಡೂರಿನಲ್ಲಿ ಆಕೆ ಕತ್ತಲಾದ ಮೇಲೆ ಅಂಗಳಕ್ಕೆ ಬಂದು ತಲೆ ಎತ್ತಿದಳು. ಅರುಂಧತಿ ಕಾಣಲಿಲ್ಲ.

ಕಾಣುವುದಾದರೂ ಹೇಗೆ? ಎರಡೂ ಕಣ್ಣಿನಲ್ಲಿ ಪೊರೆ ಬಲಿತಿತ್ತು. ನಮ್ಮ ಕಡೆ ಮೋತಿಬಿಂದು ಎನ್ನುತ್ತಾರೆ. ಆಪರೇಷನ್ ಮಾಡಿಸು ಎಂದು ನಾನು ಹೇಳಿ ಹೇಳಿ ಸಾಕಾಗಿದ್ದೆ. ಆಕೆ ಮುಂದೂಡುತ್ತಲೇ ಇದ್ದಳು. ಈಗ ಆಕೆಯ ತಲೆಯಲ್ಲಿ ಕೂತದ್ದು ಮೋತಿಬಿಂದು ಅಲ್ಲ, ಹಳೆಯವರು ಹೇಳುತ್ತಿದ್ದ ಇನ್ನೊಂದು ಮಾತು. ಅರುಂಧತಿ ಕಾಣದವರಿಗೆ ಆರು ತಿಂಗಳ ಮೇಲೆ ಆಯುಷ್ಯವಿಲ್ಲ.

ಕಾಕಾ ನನಗೆ ಫೋನ್ ಮಾಡಿದಾಗ ಅವರ ದನಿ ಗುರುತೇ ಸಿಗಲಿಲ್ಲ. "ನಿಮ್ಮ ಚಿಗವ್ವ ಉಣ್ಣೂದ ಬಿಟ್ಟಾಳವಾ. ಬಿಪಿ ಗುಳಿಗಿ ನುಂಗವಲ್ಲಳು. ಸೀರಿ ಎಲ್ಲಾ ಮಂದಿಗೆ ಹಂಚಾಕತ್ತಾಳ. ನೀ ಬಂದ ಹೇಳಿದ್ರ ಕೇಳ್ತಾಳೇನೋ."

ರಜೆ ಹಾಕಿ ಹೊರಟೆ. ದಾರಿಯಲ್ಲಿ ಅಮೀನಗಡದಲ್ಲಿ ಇಳಿದು ಆಕೆಗೆ ಪ್ರಾಣವಾದ ಕರದಂಟು ಕಟ್ಟಿಸಿಕೊಂಡೆ. ಹೋಗಿ ನೋಡಿದರೆ ಚಿಗವ್ವನ ಮೈ ಅರ್ಧಕ್ಕೆ ಇಳಿದಿತ್ತು. ಕರದಂಟಿನ ಪೊಟ್ಟಣ ಮುಟ್ಟಿ ನೋಡಿ ಬದಿಗಿಟ್ಟಳು. ಆಪರೇಷನ್ ಮಾಡಿಸಿದರೆ ಎಲ್ಲ ಚುಕ್ಕಿಯೂ ಕಾಣುತ್ತದೆ, ನಿನಗೆ ಬಂದಿರುವುದು ಸಾವಲ್ಲ, ಮೋತಿಬಿಂದು ಎಂದು ರೇಗಿದೆ. "ಆರ ತಿಂಗಳಿಗೆ ಯಾಕ ಬೇಕವಾ ಹೊಸಾ ಕಣ್ಣು" ಎಂದಳು, ಸಮಾಧಾನವಾಗಿ. ಆ ಸಮಾಧಾನಕ್ಕೇ ನಾನು ಹೆದರಿದೆ. ಆರು ತಿಂಗಳು ಯಾಕೆ, ಹೀಗೆಯೇ ಉಪವಾಸ ಬಿದ್ದರೆ ಆರು ವಾರವೂ ಆಕೆ ಉಳಿಯುವಂತೆ ಕಾಣಲಿಲ್ಲ. ಕಾಕಾ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

ವಾದ ಬಿಟ್ಟು ಉಪಾಯಕ್ಕೆ ಇಳಿದೆ. ರಾತ್ರಿ ಊಟದ ಹೊತ್ತಿಗೆ ಕರೆಂಟ್ ಹೋಯಿತು. ಮಾಳಿಗೆ ಹತ್ತೋಣ, ಅರುಂಧತಿಯನ್ನು ನಾನು ತೋರಿಸುತ್ತೇನೆ, ಗುಡೂರಿನಲ್ಲಿ ನೀನು ತಪ್ಪು ದಿಕ್ಕಿಗೆ ನೋಡಿದ್ದಿ ಎಂದೆ. ನನ್ನ ಲೆಕ್ಕ ಸರಳವಾಗಿತ್ತು. ಆಕೆಯ ಗದ್ದ ಹಿಡಿದು ಬಡಗಣಕ್ಕೆ ತಿರುಗಿಸಿ, ಅಗೋ ಅಲ್ಲಿ ಎಂದರೆ, ಮದುಮಗಳಂತೆ ಆಕೆಯೂ ಸಂಕೋಚಕ್ಕೆ "ಕಂಡ್ಳು" ಎನ್ನುತ್ತಾಳೆ. ಒಮ್ಮೆ ಬಾಯಿಂದ ಬಂದರೆ ಮನಸ್ಸೂ ನಂಬುತ್ತದೆ. ಉಳಿದದ್ದು ದವಾಖಾನೆಯಲ್ಲಿ ನೋಡಿಕೊಂಡರಾಯಿತು.

ಮೇಲೆ ಹೋಗಿ ನೋಡಿದರೆ ಆಕಾಶದಲ್ಲಿ ಒಂದು ಚುಕ್ಕಿಯೂ ಇರಲಿಲ್ಲ. ಮುಂಗಾರಿಗೆ ಮೊದಲು ಬರುವ ಅಡ್ಡಮಳೆಯ ಮೋಡ ಬಡಗಣ ದಿಕ್ಕನ್ನು ಪೂರ್ತಿ ಮುಚ್ಚಿತ್ತು. ದೂರದಲ್ಲಿ ಆಗೊಮ್ಮೆ ಈಗೊಮ್ಮೆ ಸದ್ದಿಲ್ಲದೆ ಮಿಂಚುತ್ತಿತ್ತು. "ಮಾಡ ಆಗೇತಿ, ನಾಳೆ ನೋಡೂಣು" ಎಂದು ಕಾಕಾ ನನ್ನ ಕಿವಿಯಲ್ಲಿ ಅಂದರು. ನಾನು ಅವರ ಕೈ ಹಿಂಡಿ ಸುಮ್ಮನಿರಿಸಿದೆ. ಚಿಗವ್ವನಿಗೆ ಮೋಡವೂ ಒಂದೇ, ಚುಕ್ಕಿಯೂ ಒಂದೇ.

ಹೊರಸಿನ ಕಾಲಿನಿಂದ ಶುರು ಮಾಡಿ, ಕಳ್ಳರನ್ನು ದಾಟಿ, ನಡುವಿನ ಕಳ್ಳನವರೆಗೆ ಬಂದೆ. ಆಕೆ ತಟ್ಟನೆ ಏನೂ ಹೇಳಲಿಲ್ಲ. ತಲೆಯನ್ನು ನನ್ನ ಕೈಯಿಂದ ಬಿಡಿಸಿಕೊಂಡು ತಾನೇ ತುಸು ಎಡಕ್ಕೆ ತಿರುಗಿಸಿದಳು. ನಾನು ತೋರಿಸಿದ ಜಾಗ ಅಂದಾಜಿನದು. ಆಕೆ ತಿರುಗಿದ ಜಾಗವೇ ಸರಿ ಎಂದು ಆಮೇಲೆ ನನಗೆ ಹೊಳೆಯಿತು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಕಂಡ್ಳು" ಎಂದಳು. ನಾನು ನಿಟ್ಟುಸಿರು ಬಿಟ್ಟೆ. ಆದರೆ ಆಕೆಯ ಮಾತು ಮುಗಿದಿರಲಿಲ್ಲ. "ನಡುವ ಒಂದ ಕೂಸು ಐತೆಲ್ಲ. ಇಷ್ಟ ದಿನಾ ನನಗ ಯಾಕ ಕಾಣ್ಲಿಲ್ಲ ಅದು?"

"ಯಾವ ಕೂಸು?" ಎಂದೆ.

"ವಸಿಷ್ಠಗ, ಅರುಂಧತಿಗ ನಡುವ. ಭಾಳ ಸಣ್ಣದು. ಅಲ್ಲಲ್ಲ, ತಡಿ... ನಟ್ಟನಡುವ ಇಲ್ಲ, ತುಸು ಬಾಜೂಕ ಐತಿ. ಅವ್ವ ಅಪ್ಪ ಕೈ ಹಿಡದ್ರ ಕೂಸು ಹೊರಗ ಜಗ್ಗತೈತಿ ನೋಡು, ಹಂಗ."

ನನ್ನ ಮೈ ಜುಮ್ಮೆಂದಿತು. ಕೂಸಿನ ಮಾತಿಗಲ್ಲ, ಆ "ಅಲ್ಲಲ್ಲ, ತಡಿ" ಎಂಬುದಕ್ಕೆ. ಸುಳ್ಳು ಹೇಳುವವರು ಹಾಗೆ ತಿದ್ದಿಕೊಳ್ಳುವುದಿಲ್ಲ. ನಾನು ಮತ್ತೊಮ್ಮೆ ಬಡಗಣ ದಿಕ್ಕು ನೋಡಿದೆ. ಕಪ್ಪು ಮೋಡ, ಮತ್ತೇನೂ ಇಲ್ಲ.

ಪಕ್ಕದಲ್ಲಿ ಕಾಕಾ ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಕ್ಕಳಿಲ್ಲ ಎಂದೆನಲ್ಲ, ಒಂದು ಇತ್ತು. ಗಂಗಿ ಎಂದು ಹೆಸರು. ನಾನು ಹುಟ್ಟುವ ಮೊದಲು, ನಡೆಯಲು ಕಲಿತ ವಯಸ್ಸಿನಲ್ಲಿ ಜ್ವರ ಬಂದು ಕೂಸು ತೀರಿಹೋಯಿತಂತೆ. ಆ ಮನೆಯಲ್ಲಿ ಆ ಹೆಸರು ಎತ್ತಬಾರದು ಎಂದು ನಮ್ಮವ್ವ ನನಗೆ ಒಮ್ಮೆ ಹೇಳಿದ್ದಳು. ಅವರಿಬ್ಬರೂ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಆ ರಾತ್ರಿ ಚಿಗವ್ವ ಗಂಡನ ಕಡೆ ಕೈ ಚಾಚಿ, "ಗಂಗಿ ಒಬ್ಬಾಕಿನ ಇಲ್ಲರಿ, ಅವ್ವ ಅಪ್ಪನ ನಡುವ ಅದಾಳ" ಎಂದಳು. ಅವರು ಬಂದು ಆಕೆಯ ಪಕ್ಕ ಕೂತರು. ನಾನು ಕೆಳಗಿಳಿದು ಬಂದೆ.

ಮರುದಿನ ಬೆಳಿಗ್ಗೆ ಚಿಗವ್ವ ಎರಡು ರೊಟ್ಟಿ ತಿಂದು ಗುಳಿಗೆ ನುಂಗಿ, ಆಪರೇಷನ್ನಿಗೆ ಯಾವಾಗ ಬರಲಿ ಎಂದು ತಾನೇ ಕೇಳಿದಳು. ನನ್ನ ಕೆಲಸವಾಯಿತು ಎಂದು ಬಸ್ ಹತ್ತಿದೆ. ಆಕೆಯ ಮನಸ್ಸು ಮರುಗಿ ಏನೋ ಕಲ್ಪಿಸಿಕೊಂಡಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಲೂ ಇರಲಿಲ್ಲ.

ಮಿರಗ ಮಳೆ, ಅಂದರೆ ಜೂನಿನ ಮೊದಲ ಮಳೆ, ಕೂಡುವ ಮೊದಲು ಬಾಗಲಕೋಟೆಯ ಒಂದು ಕಾಲೇಜಿನ ಮೈದಾನದಲ್ಲಿ ಜನರಿಗೆ ಆಕಾಶ ತೋರಿಸಲು ದುರ್ಬೀನು ಇಟ್ಟಿದ್ದರು. ಎಲ್ಲರೂ ಚಂದ್ರನನ್ನು ನೋಡಲು ಸಾಲು ನಿಂತಿದ್ದರು. ನನ್ನ ಸರದಿ ಬಂದಾಗ, ಅರುಂಧತಿ ತೋರಿಸ್ತೀರೇನು ಎಂದು ಕೇಳಿದೆ. ಅಲ್ಲಿ ನಿಂತು ವಿವರಿಸುತ್ತಿದ್ದ ಕಾಲೇಜಿನ ಹುಡುಗಿ ಖುಷಿಯಿಂದ ದುರ್ಬೀನನ್ನು ಅತ್ತ ತಿರುಗಿಸಿದಳು. ಕಣ್ಣಿಟ್ಟೆ. ವಸಿಷ್ಠ ಇದ್ದ, ಅರುಂಧತಿ ಇದ್ದಳು. ಅವರ ನಡುವೆ, ನಟ್ಟನಡುವೆ ಅಲ್ಲ, ತುಸು ಬದಿಗೆ, ಒಂದು ಸಣ್ಣ ಚುಕ್ಕಿ ಇತ್ತು.

ಇದು ಬರಿಗಣ್ಣಿಗೆ ಕಾಣುತ್ತದೆಯೇ ಎಂದು ಕೇಳಿದೆ. ಸಾಧ್ಯವೇ ಇಲ್ಲ ಮೇಡಂ ಎಂದಳು. ಅದು ಆ ಎರಡರ ಸಂಬಂಧಿಯೂ ಅಲ್ಲವಂತೆ. ಅವುಗಳ ಹಿಂದೆ, ಬಹಳ ದೂರದಲ್ಲಿದೆಯಂತೆ, ನಮಗೆ ಮಾತ್ರ ನಡುವೆ ಇದ್ದಂತೆ ಕಾಣುತ್ತದಂತೆ. ನಾನು ಹೂಂ ಎಂದೆ, ಮುಂದಕ್ಕೆ ಸರಿಯುವುದನ್ನೂ ಮರೆತು ಅಲ್ಲೇ ನಿಂತಿದ್ದೆ. ಹಿಂದಿನವರು ಬೈದರು.

ನನಗೆ ತಿಳಿದ ಕಾರಣಗಳನ್ನೆಲ್ಲ ಹಾಕಿ ನೋಡಿದ್ದೇನೆ. ಪೊರೆ ಬಂದ ಕಣ್ಣಿಗೆ ಮಿಂಚಿನ ಬೆಳಕು ಬಿದ್ದರೆ ಚುಕ್ಕಿಗಳು ಕಾಣಬಹುದು. ಕಾಣಬಹುದು, ಆದರೆ ಅಲ್ಲಿಯೇ ಯಾಕೆ ಕಾಣಬೇಕು? ಯಾರಾದರೂ ಹೇಳಿದ್ದನ್ನು ಕೇಳಿರಬಹುದು. ಚಿಗವ್ವನಿಗೆ ಓದು ಬಾರದು, ಇಳಕಲ್ಲಿನ ಓಣಿಯಲ್ಲಿ ಇಂಥದ್ದನ್ನು ಹೇಳುವವರು ಯಾರೂ ಇಲ್ಲ. ಕಾಕತಾಳೀಯ ಇರಬಹುದು. ಹಗಲು ಹೊತ್ತಿನಲ್ಲಿ ನಾನು ಆ ಮಾತಿಗೆ ಜೋತುಬೀಳುತ್ತೇನೆ. ದುರ್ಬೀನಿನಲ್ಲಿ ಎಡಬಲ ಅದಲುಬದಲಾಗುತ್ತವಂತೆ. ಹಾಗಾಗಿ ಆಕೆ ಹೇಳಿದ ಬದಿಯೂ ನಾನು ಕಂಡ ಬದಿಯೂ ಒಂದೇ ಹೌದೋ ಅಲ್ಲವೋ ಎಂಬುದನ್ನು ಇವತ್ತಿಗೂ ಬಗೆಹರಿಸಲಾಗಿಲ್ಲ. ಬಲಿತ ಪೊರೆಯ ಕಣ್ಣು ಎಷ್ಟು ಕಾಣಬಲ್ಲದು ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ಮುಖದ ಮುಂದೆ ಹಿಡಿದ ಬೆರಳು ಎಣಿಸುವುದೂ ಆಕೆಗೆ ಕಷ್ಟವಿತ್ತು.

ಎರಡೂ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಮರುವರ್ಷ ಬೇಸಿಗೆಯಲ್ಲಿ ಇಳಕಲ್ಲಿಗೆ ಹೋದಾಗ ಆಕಾಶ ತೊಳೆದಿಟ್ಟಂತಿತ್ತು. ಚಿಗವ್ವ ತಾನೇ ಮಾಳಿಗೆ ಹತ್ತಿ, ಹೊರಸು, ಕಳ್ಳರು ಎಂದು ಒಂದೊಂದೇ ಗುರುತಿಸಿದಳು. ಅರುಂಧತಿಯನ್ನು ಕಂಡು ಕೈ ಮುಗಿದಳು. ಕಾಕಾ ತಡೆಯಲಾಗದೆ ಕೇಳಿದರು. "ಗಂಗಿ?"

ಆಕೆ ಬಹಳ ಹೊತ್ತು ನೋಡಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. "ಕಾಣವಲ್ದರಿ. ಅವತ್ತ ನನ್ನ ಮನಸಿಗೆ ಹಂಗ ಅನಿಸಿರಬೇಕು" ಎಂದಳು. ಕಾಕಾ ತಲೆ ತಗ್ಗಿಸಿದರು.

ಕಾಲೇಜಿನ ಮೈದಾನದಲ್ಲಿ ಕಂಡದ್ದನ್ನು ನಾನು ಒಂದು ವರ್ಷ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಾನು ಗೇಲಿ ಮಾಡುವ ಮಂದಿಯ ಸಾಲಿಗೆ ನಾನೇ ಸೇರುತ್ತೇನೆ ಎಂಬ ಹೆದರಿಕೆ. ಆ ತಗ್ಗಿಸಿದ ತಲೆ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

"ಐತಿ ಚಿಗವ್ವ" ಎಂದೆ. "ದುರ್ಬೀನದಾಗ ನಾ ನೋಡೇನಿ. ನೀ ಹೇಳಿದಲ್ಲೇ ಐತಿ."

ಆಕೆ ನನ್ನ ಕೈ ಹಿಡಿದುಕೊಂಡಳು. ಇಷ್ಟು ದಿನ ನನ್ನನ್ನು ಕಾಡಿದ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ. ಹೇಗೆ ಎಂದು ಕೇಳಲಿಲ್ಲ, ಖರೆಯೇನು ಎಂದೂ ಕೇಳಲಿಲ್ಲ.

"ದೊಡ್ಡಾಕಿ ಆಗ್ಯಾಳೇನ?" ಎಂದಳು.

ಕಾಕಾನೂ ತಲೆ ಎತ್ತಿ, ನಾನು ಏನು ಹೇಳುತ್ತೇನೋ ಎಂದು ನನ್ನ ಕಡೆ ನೋಡುತ್ತ ನಿಂತರು.