ಚುಂಗಾಣಿಯ ದಾವಲಸಾಬರು

ದಾವಲಸಾಬರು ತಂಬಾಕಿನ ಪೈಪನ್ನು, ನಮ್ಮ ಕಡೆಯ ಮಾತಿನಲ್ಲಿ ಚುಂಗಾಣಿಯನ್ನು, ಮೊದಲು ನೋಡುತ್ತಿರಲಿಲ್ಲ, ಮೂಸುತ್ತಿದ್ದರು. ಸಂತೆಯಲ್ಲಿ ಹೆಂಗಸರು ಕರಬೂಜ ಹಣ್ಣು ಆರಿಸುವಂತೆ ಕಣ್ಣು ಮುಚ್ಚಿ ಎರಡು ಸಲ ಮೂಗಿಗೆ ಹಿಡಿದು, ಆಮೇಲೆ ಕನ್ನಡಕ ಏರಿಸಿ, ಬಾಯಿಗಿಡುವ ಕೊಳವೆಯ ತುದಿಯನ್ನು ಬೆಳಕಿಗೆ ತಿರುಗಿಸುವರು. ತೀರ್ಪು ಅಲ್ಲೇ ಬೀಳುತ್ತಿತ್ತು. "ಈ ಸಾಹೇಬ್ರಿಗೆ ಸಿಟ್ಟು ಭಾಳ ನೋಡ್ರಿ. ಕಡದು ಕಡದು ಕೊಳವಿ ಹಾಳ ಮಾಡ್ಯಾರ." ಚುಂಗಾಣಿ ಕಳಿಸಿದ ಆ ಸಾಹೇಬರ ಮುಖವನ್ನೇ ಕಂಡವರಲ್ಲ, ಆದರೆ ಅವರ ಮನೆಯಲ್ಲಿ ಉಂಡು ಬಂದವರ ಹಾಗೆ ಮಾತಾಡುತ್ತಿದ್ದರು.

ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಅಂಗಡಿ ಎನ್ನುವುದು ಮರ್ಯಾದೆಗೆ. ಒಂದು ಬಾಗಿಲು, ಒಂದು ಮೇಜು, ಅಷ್ಟೇ. ಅರ್ಧ ಆಯುಷ್ಯವನ್ನು ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಾಕುವುದರಲ್ಲಿ ಕಳೆದವರು. ಕಲ್ಲು ಕೊಳ್ಳಲು ಬಂದಿದ್ದ ಪರದೇಶದ ಸಾಹೇಬನೊಬ್ಬನ ಚುಂಗಾಣಿ ಕಟ್ಟಿಕೊಂಡಾಗ ಅದನ್ನು ಬಿಚ್ಚಿ, ತೊಳೆದು, ಉಜ್ಜಿ ಹೊಸದರಂತೆ ಮಾಡಿಕೊಟ್ಟರಂತೆ. ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ, ಧಾರವಾಡ, ಬೆಳಗಾವಿಯ ನಿವೃತ್ತ ಅಧಿಕಾರಿಗಳು ತಮ್ಮ ಹಳೆಯ ಚುಂಗಾಣಿಗಳನ್ನು ಕೊರಿಯರಿನಲ್ಲಿ ಕಳಿಸತೊಡಗಿದರು. ಇವರು ಮಾತ್ರ ಜನ್ಮದಲ್ಲಿ ಒಂದು ಬೀಡಿ ಸೇದಿದವರಲ್ಲ.

ಈ ಕೆಲಸಕ್ಕೆ ತಾಳ್ಮೆ ಬೇಕು, ಅದೊಂದು ಅವರಲ್ಲಿ ಇರಲಿಲ್ಲ. ಚುಂಗಾಣಿಯ ಬಟ್ಟಲಿಗೆ ಕಲ್ಲುಪ್ಪು ತುಂಬಿ ಸ್ಪಿರಿಟ್ ಹನಿಸಿ ಒಂದು ದಿನ ಬಿಟ್ಟರೆ ಉಪ್ಪು ಒಳಗಿನ ಹೊಲಸನ್ನೆಲ್ಲ ಹೀರಿ ಕಂದಾಗುತ್ತದೆ. ದಾವಲಸಾಬರು ಹತ್ತು ನಿಮಿಷಕ್ಕೊಮ್ಮೆ ಇಣುಕುವರು. ಬಿಗಿದುಕೊಂಡಿದ್ದ ಕೊಳವೆಯೊಂದನ್ನು ಅವಸರದಲ್ಲಿ ತಿರುವಿ ಮುರಿದ ಮೇಲೆ, ಅಂಥವನ್ನು ಪಕ್ಕದ ತಂಪುಪಾನೀಯದ ಅಂಗಡಿಯ ಫ್ರಿಜ್ಜಿನಲ್ಲಿಡುವುದನ್ನು ಕಲಿತಿದ್ದರು. ತಂಪಿಗೆ ಕುಗ್ಗಿ ಕೊಳವೆ ಸಡಿಲಾಗುತ್ತಿತ್ತು. "ಚಾಚಾ, ನನ್ನ ಬಾದಾಮಿ ಹಾಲು ತಂಬಾಕ ನಾರಾಕತ್ತೈತಿ," ಎಂದು ಅಂಗಡಿಯವನು ಕೂಗಿದರೆ, "ಪುಕ್ಕಟೆ ಮಸಾಲಿ ಹಾಕೇನಿ, ಮಾರ್ಕೋಲೇ," ಎನ್ನುವರು.

ನಾನು ಹುನಗುಂದದಲ್ಲಿ ಶಾಲಾ ಶಿಕ್ಷಕಿ. ಅಪ್ಪ ಅಲ್ಲಿಯ ಕೋರ್ಟಿನಲ್ಲಿ ವಕೀಲರಾಗಿದ್ದವರು. ಹೋದ ವರ್ಷ ಇದ್ದಕ್ಕಿದ್ದಂತೆ ಕರಿ ಕೋಟು ತೆಗೆದಿಟ್ಟರು. ಯಾಕೆ ಎಂದರೆ "ಸಾಕಾತು" ಎಂಬ ಒಂದೇ ಉತ್ತರ. ಕೆಲವು ತಿಂಗಳ ನಂತರ ಚುಂಗಾಣಿಯನ್ನೂ ಬಿಟ್ಟರು. ಕಪಾಟಿನಲ್ಲಿ ನಾರುತ್ತ ಬಿದ್ದಿದ್ದ ಅದನ್ನು ತೊಳೆಸಿ ಅವರ ಮೇಜಿನ ಮೇಲಿಡೋಣವೆಂದು, ಅವರಿಗೆ ಹೇಳದೆ, ಇಳಕಲ್ಲಿಗೆ ಒಯ್ದೆ.

ದಾವಲಸಾಬರು ಮೂಸಿದರು. ಬಟ್ಟಲಿನ ಅಂಚಿನ ಸುತ್ತ ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು.

"ಅಕ್ಕೋರ, ಇದನ್ನ ಇಬ್ಬರು ಸೇದ್ತಿದ್ರೇನ್ರಿ?"

"ಇಲ್ರೀ, ನಮ್ಮ ಅಪ್ಪ ಒಬ್ಬರ."

"ಹಂಗಾದ್ರ ಅವ್ರ ಬಲಗೈಗೆ ಏನಾಗೇತ್ರಿ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಅಂಚನ್ನು ನನ್ನ ಕಣ್ಣಿಗೆ ಹಿಡಿದರು. "ಬಲಗೈಲೆ ಕಡ್ಡಿ ಗೀರಿ ಹಚ್ಚಿದ್ರ ಬಲದಂಡಿ ಸುಡತೈತಿ. ಇಲ್ಲಿ ನೋಡ್ರಿ, ಹಳೇ ಸುಟ್ಟ ಕಲಿ ಎಲ್ಲಾ ಬಲಕ್ಕ. ಎಡಕ್ಕಿಂದು ಹೊಸಾದು. ಕೈ ಬದಲ ಮಾಡ್ಯಾರ. ವಯಸ್ಸಾದವ್ರು ಸುಮ್ಮಸುಮ್ಮನ ಕೈ ಬದಲ ಮಾಡಂಗಿಲ್ರಿ."

ಚುಂಗಾಣಿಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಹುನಗುಂದಕ್ಕೆ ಅರ್ಧ ತಾಸಿನ ದಾರಿ. ಸೀಟು ಸಿಕ್ಕರೂ ಕೂರಲಾಗಲಿಲ್ಲ. ಹಲ್ಲು ಸರಿಯಿಲ್ಲವೆಂದು ಅಪ್ಪ ಈಚೆಗೆ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಕೊಡಲು ಹೇಳುತ್ತಿದ್ದರು, ಚಮಚದಲ್ಲಿ ಉಣ್ಣುತ್ತಿದ್ದರು. ಯಾವ ಕೈಯಲ್ಲಿ? ದಿನಾ ಎದುರಿಗೆ ಕೂತು ಉಂಡವಳಿಗೆ ಅದು ನೆನಪಾಗಲಿಲ್ಲ. ಕೋರ್ಟು ಬಿಟ್ಟದ್ದು ಬರೆಯಲಾಗದೆ ಇರಬಹುದೇ ಎಂದು ಆಗ ಹೊಳೆಯಿತು.

ಅಪ್ಪ ಪಡಸಾಲೆಯಲ್ಲಿ ಶಾಲು ಹೊದ್ದು ಕೂತಿದ್ದರು. "ಬಲಗೈ ತೋರಸ್ರಿ ಅಪ್ಪಾ," ಎಂದೆ.

"ಯಾರು ಹೇಳಿದ್ರು ನಿನಗ?"

"ಚುಂಗಾಣಿ ತೊಳಿಯವ್ರು."

ಸಿಟ್ಟಿಗೆ ಅವರ ಮುಖ ಕೆಂಪಾಯಿತು. ಆದರೆ ಶಾಲಿನೊಳಗಿಂದ ಹೊರಬಂದ ಕೈ ನಡುಗುತ್ತಿತ್ತು. ಮಾರನೆಯ ವಾರ ಬಾಗಲಕೋಟೆಯ ಡಾಕ್ಟರು ನರದ ಕಾಯಿಲೆ ಎಂದು ಗುಳಿಗೆ ಬರೆದುಕೊಟ್ಟರು. ದಿನ ಕಳೆದಂತೆ ನಡುಕ ತಗ್ಗಿತು, ಪೂರ್ತಿ ಹೋಗಲಿಲ್ಲ. ಈ ನಡುವೆ ನಾನು ಇನ್ನೂ ಎರಡು ಸಲ ಇಳಕಲ್ಲಿಗೆ ಹೋದೆ. ಚುಂಗಾಣಿ ಸಿದ್ಧವಿರಲಿಲ್ಲ. ಎರಡು ಸಲವೂ ಅವರು ಮೊದಲು ವಿಚಾರಿಸಿದ್ದು ಅಪ್ಪನ ಕೈಯನ್ನೇ.

ಒಂದು ಭಾನುವಾರ ಅಪ್ಪ ತಾವೇ ಎದ್ದರು. "ನಡಿ, ಆ ಚಾಡಿಕೋರನ ಮಾರಿ ನೋಡಬೇಕು ನಾ."

ಅಪ್ಪನನ್ನು ಕಂಡೊಡನೆ ದಾವಲಸಾಬರು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡತೊಡಗಿದರು. "ತಪ್ಪಾತ್ರಿ ವಕೀಲ್ರ. ಮಂದಿ ಮನಿ ಮಾತು ನಾ ಆಡಬಾರದಿತ್ತು."

ಅಪ್ಪ ಬಲಗೈ ಚಾಚಿದರು. ದಾವಲಸಾಬರು ಹೊಳೆಯುವ ಚುಂಗಾಣಿಯನ್ನು ಅದರಲ್ಲಿಟ್ಟು, ಕ್ಷಣಹೊತ್ತು ತಮ್ಮ ಎರಡೂ ಕೈಗಳಲ್ಲಿ ಆ ಕೈಯನ್ನು ಹಿಡಿದುಕೊಂಡರು. ಅಪ್ಪ ತಲೆ ವಾಲಿಸಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಕೋರ್ಟಿನ ದನಿ ತೆಗೆದರು.

"ಸಾಬ್ರ, ನಿಮ್ಮ ಉಸರಿನ್ಯಾಗ ಈ ಸೀಟಿ ಎಷ್ಟು ದಿನದಿಂದ ಅದ?"

"ಏ, ಅದೇನಿಲ್ರಿ. ಕಲ್ಲಿನ ಧೂಳು, ಹಳೇ ದೋಸ್ತ."

"ದವಾಖಾನಿಗೆ ತೋರಿಸೀರೇನು?"

"ತೋರಸೋಣಂತ ತಗೋರಿ..."

"ಹೌದು, ಇಲ್ಲಾ, ಅಷ್ಟ ಹೇಳ್ರಿ."

"ಇಲ್ರಿ," ಎಂದು ದಾವಲಸಾಬರು ತಪ್ಪೊಪ್ಪಿಕೊಂಡವರಂತೆ ನಕ್ಕರು. ಮುಂದಿನ ಸಲ ಬಾಗಲಕೋಟೆಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗುವುದೆಂದು ಅಪ್ಪ ಅಲ್ಲೇ ತೀರ್ಮಾನಿಸಿದರು. ಫೋನು ಮಾಡಿ ದಿನ ಹೇಳುವ ಕೆಲಸ ನನ್ನದು.

ಪರೀಕ್ಷೆಯ ಪೇಪರುಗಳ ಗದ್ದಲದಲ್ಲಿ ಇವತ್ತು ನಾಳೆ ಎನ್ನುತ್ತ ಹೋದೆ. ಕೊನೆಗೆ ಫೋನು ಮಾಡಿದಾಗ ಎತ್ತಿದವಳು ಅವರ ಮಗಳು. "ನಮ್ಮ ಅಬ್ಬಾ ತೀರಿಕೊಂಡು ಒಂಬತ್ತು ದಿನ ಆತ್ರಿ ಅಕ್ಕೋರ," ಎಂದಳು.

ಅಪ್ಪನಿಗೆ ಹೇಳಿದೆ. ಅವರು ಮೇಜಿನ ಮೇಲಿದ್ದ ಚುಂಗಾಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ನನ್ನತ್ತ ತಿರುಗಿದರು. "ನಾ ಒಂದ ಸಲ ಹೋಗಿದ್ದೆ. ನೀ ಅದಕ್ಕೂ ಮೊದಲ ಮೂರು ಸಲ ಹೋಗಿ ಬಂದಿದ್ದಿ. ಅವರ ಎದಿ ಸೀಟಿ ಕೇಳಿಸಲಿಲ್ಲೇನು ನಿನಗ?"

ಕೇಳಿಸಿರಲಿಲ್ಲ. ಮೂರು ಸಲವೂ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತು ಮಾತಾಡಿ ಬಂದಿದ್ದೆ.