ಅದು ನನ್ನ ಗುಳಿಗೆ

"ಎಷ್ಟದಾವ ಅಷ್ಟೂ ಕೊಡ್ರಿ." ನನ್ನ ಮುಂದೆ ನಿಂತಿದ್ದ ಗಂಡಸು ಹೀಗೆಂದಾಗ, ಕಲಬುರಗಿಯ ಆ ಮೆಡಿಕಲ್ ಅಂಗಡಿಯವರು ಉಳಿದಿದ್ದ ಆರು ಪಟ್ಟಿ ಗುಳಿಗೆ ತಂದು ಕೌಂಟರಿನ ಗಾಜಿನ ಮೇಲಿಟ್ಟರು.

ಅದು ಕೊರೊನಾದ ಮೊದಲ ವರ್ಷ. ಆ ಗುಳಿಗೆ ನನ್ನ ಸಂಧಿವಾತದ್ದು. ತಪ್ಪಿದರೆ ಬೆರಳು ಬಾತು ರೊಟ್ಟಿ ಬಡಿಯಲಾಗುವುದಿಲ್ಲ. ಕಮಲಾಪುರದ ಖಾನಾವಳಿಗೆ ರೊಟ್ಟಿ ಬಡಿದುಕೊಡುವುದೇ ನನ್ನ ಕೆಲಸ. ಅಲ್ಲೆಲ್ಲೂ ಗುಳಿಗೆ ಸಿಗದೆ ಬಸ್ಸು ಹತ್ತಿ ಬಂದಿದ್ದೆ.

ನಿಮಗೂ ಸಂಧಿವಾತವೇ ಎಂದು ಆ ಗಂಡಸನ್ನು ಕೇಳಿದೆ.

"ಇಲ್ಲಕ್ಕಾ, ಇದು ನುಂಗಿದ್ರ ಕೊರೊನಾ ಹತ್ರ ಸುಳಿಯಂಗಿಲ್ಲಂತ. ಮನಿ ಮಂದಿಗೆಲ್ಲಾ ಒಯ್ಯಾಕತ್ತೀನಿ."

ನಾನು ಪಟ್ಟಿಗಳ ಮೇಲೆ ಅಂಗೈ ಊರಿದೆ. "ಐದು ವರ್ಷದಿಂದ ದಿನಾ ಇದನ್ನೇ ನುಂಗಾಕತ್ತೀನಿ ಅಣ್ಣಾ. ಹೋದ ತಿಂಗಳ ನನಗ ಕೊರೊನಾ ಬಂದು ದವಾಖಾನ್ಯಾಗ ಮಲಗಿದ್ದೆ."

"ನಿಮಗೊಬ್ಬರಿಗೆ ಬಂದ್ರ ಎಲ್ಲಾರಿಗೂ ಬರ್ತದೇನು?" ಎಂದರು.

ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ನಾನೊಬ್ಬಳೇ ಏನು ಸಾಬೀತು ಮಾಡಬಲ್ಲೆ? ಆದರೆ ಅದಕ್ಕೆ ಉತ್ತರ ಸಿಗುವವರೆಗೆ ನನ್ನ ಗುಳಿಗೆ ಅವರ ಕಪಾಟಿನಲ್ಲಿ ಏಕಿರಬೇಕು? ನಾನು ಕೈ ತೆಗೆಯಲಿಲ್ಲ. ಕೊನೆಗೆ ಅಂಗಡಿಯವರು ಇಬ್ಬರಿಗೂ ಡಾಕ್ಟರ ಚೀಟಿ ಕೇಳಿದರು. ಚೀಟಿ ಇದ್ದದ್ದು ನನ್ನ ಹತ್ತಿರ ಮಾತ್ರ. ಆ ಗಂಡಸು ನನ್ನ ಸೊಟ್ಟ ಬೆರಳುಗಳನ್ನೊಮ್ಮೆ ನೋಡಿ ಹೊರಟುಹೋದರು.

ಈಗಲೂ ಬೆಳಿಗ್ಗೆ ರೊಟ್ಟಿ ಬಡಿಯುವಾಗ ಆ ಗಾಜು ನೆನಪಾಗುತ್ತದೆ. ನನ್ನ ಈ ಕೈಗೆ ಪೂರ್ತಿ ಮುಷ್ಟಿ ಕಟ್ಟಲು ಬರುವುದಿಲ್ಲ. ಆದರೆ ಅಂದು ಅದನ್ನು ಆ ಪಟ್ಟಿಗಳ ಮೇಲಿಂದ ಎತ್ತಿಸಲು ಯಾರಿಂದಲೂ ಆಗಲಿಲ್ಲ.