ಹಳೇ ನಂಬರಿನ ಮನೆ

ನಮ್ಮ ಮನೆಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕ ಒಂದು ಕಾಗದ ಅಂಟಿಸಿತ್ತು. ನನ್ನದೇ ಕೈಬರಹ. ಗುಡುಗು ಕೇಳಿದ ಕೂಡಲೇ ಕಂಪ್ಯೂಟರಿನ ವಯರ್ ಕಿತ್ತಿಡಿ. ಚಾರ್ಜಿಗಿಟ್ಟ ಫೋನಿನಲ್ಲಿ ಮಾತಾಡಬೇಡಿ. ಗೊತ್ತಿಲ್ಲದವರ ಮೆಸೇಜು ಬಂದರೆ ಅಳಿಸಿ. ಪಾಸ್‌ವರ್ಡ್ ಆಗಾಗ ಬದಲಿಸಿ, ಎಲ್ಲಿಯೂ ಬರೆದಿಡಬೇಡಿ. ಶಾಲೆಯಲ್ಲಿ ಮೊದಲು ಕಂಪ್ಯೂಟರ್ ಕೊಂಡ ಮಾಷ್ಟ್ರು ಎಂಬ ಒಂದೇ ಕಾರಣಕ್ಕೆ ಊರಿನ ಫೋನುಗಳ ಆರೋಗ್ಯವೆಲ್ಲ ನನ್ನ ಹೊಣೆ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ವಾಟ್ಸಪ್ಪು ಬಂದ ಮೇಲಂತೂ ದಿನಕ್ಕೊಂದು ಎಚ್ಚರಿಕೆ ಬರೆದು ಸಿಕ್ಕಸಿಕ್ಕ ಗ್ರೂಪುಗಳಿಗೆ ಕಳಿಸುತ್ತಿದ್ದೆ. ಯಾರಾದರೂ ಕೈಮುಗಿದ ಚಿತ್ರ ಹಾಕಿದರೆ ಆ ದಿನ ಸ್ವಲ್ಪ ನಿದ್ದೆ ಬರುತ್ತಿತ್ತು.

ಎರಡು ಸಾವಿರದ ಹದಿನೆಂಟರ ಮಳೆಗಾಲದ ಒಂದು ಬೆಳಿಗ್ಗೆ ಮಗಳಿಗೆ ಅವಳ ಗೆಳತಿ ಫೋನು ಮಾಡಿದಳು. "ನಿಂಗೂ ಸೀಟು ಸಿಕ್ಕಿದೆಯಲ್ಲ, ಇನ್ನೂ ಸೇರ್ಲಿಲ್ವಾ? ಇವತ್ತು ನಾಲ್ಕು ಗಂಟೆಗೆ ಮುಗೀತದೆ."

ಕಾಸರಗೋಡಿನ ನರ್ಸಿಂಗ್ ಕಾಲೇಜಿನ ಸೀಟು. ಮಗಳು ಎರಡು ವರ್ಷದಿಂದ ಅದೊಂದನ್ನೇ ಜಪಿಸುತ್ತಿದ್ದಳು. ಕಾಲೇಜಿಗೆ ಫೋನು ಮಾಡಿದರೆ, ಮೊಬೈಲಿಗೆ ಮೆಸೇಜು, ಈಮೇಲಿಗೆ ಪತ್ರ ಎರಡೂ ಕಳಿಸಿ ಮೂರು ದಿನವಾಯಿತು, ಪತ್ರದ ಪ್ರತಿ ತಾರದಿದ್ದರೆ ಸೀಟು ಮುಂದಿನವರಿಗೆ ಎಂದರು.

"ಎಂತ ಮಾರಾಯ್ರೇ, ಮೆಸೇಜು ನೋಡ್ಲಿಲ್ವಾ ನೀವು?" ಎಂದಳು ಹೆಂಡತಿ.

"ನೋಡಿದೆ. ಕಳ್ಳರದ್ದು ಅಂತ ಅಳಿಸಿದೆ."

ಅವಳು ಗೋಡೆಯ ಕಾಗದವನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ಅರ್ಜಿಗೆ ಕೊಟ್ಟದ್ದು ನನ್ನ ಈಮೇಲು. ತೆರೆಯಲು ಹೋದರೆ ಪಾಸ್‌ವರ್ಡು ನೆನಪಿಲ್ಲ. ಹಿಂದಿನ ತಿಂಗಳಷ್ಟೇ ಯಾರದೋ ಮೋಸದ ಸುದ್ದಿ ಓದಿ, ಹೆದರಿ, ಯಾರೂ ಊಹಿಸಲಾಗದಂಥದ್ದನ್ನು ಇಟ್ಟಿದ್ದೆ. ನಾನೂ ಊಹಿಸಲಾರದೆ ಹೋದೆ. ಮಗಳು ಹುಟ್ಟಿದ ದಿನ, ನಾನು ಕೆಲಸಕ್ಕೆ ಸೇರಿದ ದಿನ, ತಿರುಗುಮುರುಗು ಎಲ್ಲ ಹೊಡೆದು ನೋಡಿದೆ. ಕೊನೆಗೆ ಅದೇ ಬೇಸತ್ತು, ಆರು ಅಂಕೆಯ ಒಟಿಪಿ ಕಳಿಸಬೇಕೇ ಎಂದು ಕೇಳಿತು. ಯಾವ ನಂಬರಿಗೆ? ಕೊನೆಯ ಎರಡು ಅಂಕೆ ನಾಲ್ಕು, ಏಳು ಇರುವ ನಂಬರಿಗೆ.

ಅದು ನನ್ನ ಹಳೇ ಮಂಗಳೂರು ಸಿಮ್ಮು. ನಮ್ಮ ಮನೆ ವರ್ಕಾಡಿಯ ಕಡೆ, ಕೇರಳದೊಳಗೆ, ಕರ್ನಾಟಕದ ಗಡಿಯ ಅಂಚಿನಲ್ಲಿ. ಒಂದು ಕಾಲದಲ್ಲಿ ಅಲ್ಲಿ ಕೇರಳದ ಟವರು ಸಿಗಬೇಕಾದರೆ ಗುಡ್ಡ ಹತ್ತಬೇಕಿತ್ತು. ಕರ್ನಾಟಕದ್ದು ಅಡುಗೆಮನೆಯಲ್ಲೇ ಸಿಗುತ್ತಿತ್ತು. ಹಾಗಾಗಿ ಸುತ್ತಿನವರ ಹತ್ತಿರವೆಲ್ಲ ಆಚೆಯದೊಂದು, ಈಚೆಯದೊಂದು ಸಿಮ್ಮು. ಹತ್ತಿರ ಕೇರಳದ್ದೇ ಹೊಸ ಟವರು ಬಂದ ಮೇಲೆ ಆಚೆಯದನ್ನು ಬೆಂಕಿಪೆಟ್ಟಿಗೆಗೆ ಹಾಕಿಟ್ಟು ಮರೆತೆ. ಕಂಪನಿ ಮರೆಯಲಿಲ್ಲ. ನಂಬರನ್ನು ಬೇರೆ ಯಾರಿಗೋ ಕೊಟ್ಟಿತ್ತು.

ನನ್ನ ನಂಬರಿಗೆ ನಾನೇ ಫೋನು ಮಾಡಿದೆ. ಹೆಂಗಸಿನ ದನಿ.

"ಇದು ನನ್ನ ಹಳೇ ನಂಬರು..."

"ಈಗ ನಂದು. ಎಂತ ಬೇಕು?"

"ನಿಮಗೊಂದು ಮೆಸೇಜು ಬರ್ತದೆ. ಅದರಲ್ಲಿ ಆರು ಅಂಕೆ ಇರ್ತದೆ. ಅದನ್ನೊಮ್ಮೆ ಹೇಳಿದ್ರೆ..."

"ಒಟಿಪಿಯಾ? ನಾಚಿಕೆ ಆಗುದಿಲ್ವಾ ನಿಮಗೆ?" ಫೋನು ಕಟ್ಟಾಯಿತು.

ಮತ್ತೆ ಮಾಡಿದೆ. "ಅಕ್ಕ, ನಾನು ಶಾಲೆ ಮಾಷ್ಟ್ರು. ಮಗಳ ಸೀಟಿನ ವಿಷಯ. ದಮ್ಮಯ್ಯ."

"ಮಾಷ್ಟ್ರಂತೆ! ನಮ್ಮ ಸಂಘದ ಗ್ರೂಪಿಗೆ ಬಂದದ್ದು ಓದ್ತೇನೆ, ಕೇಳಿ. 'ಒಟಿಪಿ ಕೇಳುವವನು ತಾನು ಮಾಷ್ಟ್ರೆನ್ನಲಿ, ಡಾಕ್ಟರೆನ್ನಲಿ, ಮಗಳ ಹೆಸರೆತ್ತಿ ಅಳಲಿ, ನಂಬಬೇಡಿ. ಕಳ್ಳನಿಗೂ ಕಣ್ಣೀರು ಬರುತ್ತದೆ.' ಗೊತ್ತಾಯ್ತಾ?"

ಆ ಕೊನೆಯ ವಾಕ್ಯಕ್ಕಾಗಿ ನಾನು ಅರ್ಧ ಗಂಟೆ ಕೂತಿದ್ದೆ.

"ಅಕ್ಕ, ಅದು ಬರೆದದ್ದು ನಾನೇ."

"ಹೌದೌದು. ಆಧಾರ್ ಕಾರ್ಡು ಕಂಡುಹಿಡಿದದ್ದೂ ನೀವೇ ಇರಬೇಕು."

ಗಂಟೆ ಹನ್ನೊಂದೂವರೆ. ಕಣ್ಣೀರು ನಿಜಕ್ಕೂ ಬಂತು. ಅದಕ್ಕೆ ಬೆಲೆ ಇಲ್ಲವೆಂದು ನಾನೇ ಸಾರಿಯಾಗಿತ್ತು. ಅಷ್ಟರಲ್ಲಿ ಮಗಳು ನನ್ನ ಕೈಯಿಂದ ಫೋನು ತೆಗೆದುಕೊಂಡು ಮೂರನೆಯ ಸಲ ತಾನೇ ಮಾಡಿದಳು.

"ಆಂಟಿ, ನಂಬರು ಹೇಳುದು ಬೇಡ. ನಿಮ್ಮ ಮನೆ ಎಲ್ಲಿ ಅಂತ ಹೇಳಿ. ನಾವೇ ಬರ್ತೇವೆ. ಫೋನು ನಿಮ್ಮ ಕೈಯಲ್ಲೇ ಇರ್ಲಿ."

"ಉಪ್ಪಳ. ಅಪ್ಪ ಒಬ್ಬರೇ ಬಂದ್ರೆ ಗೇಟು ತೆಗೀಲಿಕ್ಕಿಲ್ಲ, ಹೇಳಿದ್ದೇನೆ. ನೀನು ಬಾ. ಫೋಟೋ ಇರುವ ಹಾಲ್ ಟಿಕೆಟು ತಾ."

ಉಪ್ಪಳ ಕಾಸರಗೋಡಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಅದೊಂದೇ ನಮ್ಮ ಅದೃಷ್ಟ. ಉಳಿದದ್ದೆಲ್ಲ ಮಳೆ. ಹೊಸಂಗಡಿಗೆ ಬರುವ ಬಸ್ಸು ತಡವಾಯಿತು, ಅಲ್ಲಿಂದ ಮುಂದೆ ರಸ್ತೆ ಕಟ್ಟಿತ್ತು. ಫೋನಿನ ಚಾರ್ಜು ನಲವತ್ತರಿಂದ ಮೂವತ್ತೊಂದಕ್ಕೆ ಇಳಿಯುವುದನ್ನು ನಾನು ಜ್ವರ ನೋಡುವ ಹಾಗೆ ನೋಡುತ್ತ ಕೂತೆ. ಆಯಮ್ಮ ಮನಸ್ಸು ಬದಲಿಸಿದರೆ? ಫೋನು ಆಫ್ ಮಾಡಿದರೆ? ಮಗಳು ಕಿಟಕಿಯ ಕಡೆ ಮುಖ ಮಾಡಿದ್ದಳು. "ಹಾಳು ಮಾಡಿದಿರಿ ಅಪ್ಪ" ಎಂದು ಅವಳು ಹೇಳಲಿಲ್ಲ. ನಾನು ಒಳಗೊಳಗೇ ಅವಳ ಪರವಾಗಿ ಪ್ರತಿ ಎರಡು ನಿಲ್ದಾಣಗಳ ನಡುವೆಯೂ ಹೇಳಿಕೊಂಡೆ.

ಎರಡು ಗಂಟೆ ದಾಟಿದ ಮೇಲೆ ಆ ಮನೆ ಸಿಕ್ಕಿತು. ಐವತ್ತರ ಆಸುಪಾಸಿನ ಬ್ಯಾರಿ ಹೆಂಗಸು, ತಲೆಗೆ ಶಾಲು ಹೊದ್ದು, ಫೋನನ್ನು ಎದೆಗವುಚಿಕೊಂಡು ಗೇಟಿನ ಆಚೆ ನಿಂತಿದ್ದರು. ಸರಳುಗಳ ನಡುವಿನಿಂದ ಹಾಲ್ ಟಿಕೆಟು ತೆಗೆದುಕೊಂಡು ಫೋಟೋ ನೋಡಿದರು, ಮಗಳ ಮುಖ ನೋಡಿದರು, ನನ್ನದನ್ನೂ ನೋಡಿದರು.

"ಅಪ್ಪನ ಹಾಗೆ ಇಲ್ಲ ನೀನು. ಪುಣ್ಯ. ಬಾ ಮೋಳೇ."

ತಮ್ಮ ಮಾತಿನಲ್ಲಿ ಮಗಳೇ ಎಂದು ಕರೆದು, ಗೇಟು ತೆಗೆದು ಜಗುಲಿಯಲ್ಲಿ ಕೂರಿಸಿದರು. ಒಟಿಪಿ ಕಳಿಸೆಂದು ನಾನು ಒತ್ತಿದೆ. ಅವರ ಕೈಯಲ್ಲಿ ಫೋನು ಟಿಂಗ್ ಎಂದಿತು. ಅವರು ಒಂದೊಂದೇ ಅಂಕೆ ಓದಿದರು. ನನ್ನ ಬೆರಳು ಒಂಬತ್ತರ ಬದಲು ಆರರ ಮೇಲೆ ಬಿತ್ತು. ತಪ್ಪು ಎಂದಿತು. ಮತ್ತೊಮ್ಮೆ ಕಳಿಸೆಂದರೆ ಸ್ವಲ್ಪ ಕಾಯಿರಿ ಎಂದಿತು. ಆ ಸ್ವಲ್ಪ ಹೊತ್ತಿನಲ್ಲಿ ನಾನು ಮಗಳ ಇಡೀ ಬದುಕು ಕಳೆದುಹೋಗುವುದನ್ನು ಕಂಡೆ.

"ಮಾಷ್ಟ್ರೇ, ನಿಮಗೆ ಅಂಕೆ ಒತ್ತಲಿಕ್ಕೆ ಬರುದಿಲ್ಲ. ಅವಳಿಗೆ ಕೊಡಿ."

ಕೊಟ್ಟೆ. ಎರಡನೆಯ ಒಟಿಪಿಯನ್ನು ಮಗಳು ಹೊಡೆದಳು. ತೆರೆಯಿತು. ಮೂರು ದಿನದಿಂದ ಕಾಯುತ್ತಿದ್ದ ಪತ್ರ ಎಲ್ಲಕ್ಕಿಂತ ಮೇಲೆ ಕೂತಿತ್ತು.

ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅವರು ತಡೆದರು. "ನಿಲ್ಲಿ. ನನ್ನ ನಂಬರು ಅದರಿಂದ ತೆಗೆದು ಹೋಗಿ. ನಿಮ್ಮ ಮನೆಯದ್ದೆಲ್ಲ ನನ್ನ ಫೋನಿಗೆ ಬರುದು ಬೇಡ. ಸಿಮ್ಮು ಬಿಡುವವರು ಅದನ್ನು ಎಲ್ಲೆಲ್ಲ ಕೊಟ್ಟಿದ್ದೇವೆ ಅಂತ ನೋಡಿ, ಅಲ್ಲೆಲ್ಲ ತೆಗೆದು, ಆಮೇಲೆ ಬಿಡಬೇಕು. ಗ್ರೂಪಿಗೆ ಅದನ್ನು ಯಾಕೆ ಬರೀಲಿಲ್ಲ ನೀವು?"

ಅಷ್ಟು ವರ್ಷದ ಎಚ್ಚರಿಕೆಗಳಲ್ಲಿ ನನಗೆ ಬೇಕಾದದ್ದು ಒಂದೇ ಒಂದಿತ್ತು, ಅದನ್ನೇ ನಾನು ಬರೆದಿರಲಿಲ್ಲ. ಮಗಳು ಆಗಲೇ ಹಳೇ ನಂಬರು ತೆಗೆದು ಹೊಸದು ಹಾಕುತ್ತಿದ್ದಳು. ನನ್ನದಲ್ಲ, ಅವಳದು. ನಾನು ಕೇಳಲು ಹೋಗಲಿಲ್ಲ.

ಉಪ್ಪಳದ ಪೇಟೆಯಲ್ಲಿ ಪತ್ರದ ಪ್ರಿಂಟು ತೆಗೆಸಿ ಸಿಕ್ಕಿದ ಬಸ್ಸಿಗೆ ಹತ್ತಿದೆವು. ನಾಲ್ಕಕ್ಕೆ ಆರು ನಿಮಿಷ ಇರುವಾಗ ಕಾಲೇಜಿನ ಕಿಟಕಿಯೊಳಗೆ ಆ ಒದ್ದೆ ಕಾಗದ ಹೋಯಿತು. ಗುಮಾಸ್ತೆ ಮುದ್ರೆ ಒತ್ತಿ, ತಲೆ ಎತ್ತದೆಯೇ ಕೇಳಿದರು, "ರಕ್ಷಕರ ಫೋನ್ ನಂಬರು?"

ನಾನು ಮುಂದೆ ಬಂದು ಗಟ್ಟಿಯಾಗಿ ಹೇಳತೊಡಗಿದೆ. ಎಂಟು ಅಂಕೆ ಹೇಳಿ ಮುಗಿಸಿ ಬಾಯಿ ಒಂಬತ್ತನೆಯದಾದ ನಾಲ್ಕಕ್ಕೆ ತೆರೆದುಕೊಳ್ಳುವಾಗ ಮಗಳು ನನ್ನ ಮೊಣಕೈ ಹಿಡಿದಳು.

"ಅಪ್ಪ, ಅದು ಉಪ್ಪಳದ ಆಂಟಿಯದ್ದು."